ಆಗಸ್ಟ್‌ನಲ್ಲೇ ಶುರುವಾಗುವ ಬೇಸಿಗೆ

(ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)

ಫೆಬ್ರುವರಿ ಮುಗಿದು ಮಾರ್ಚ್ ಕಾಲಿಡುವ ಹೊತ್ತಿಗೆ ಭಾರತ ಹವಾಮಾನ ಇಲಾಖೆ ಬೇಸಿಗೆಯ ಮುನ್ನೋಟವೊಂದನ್ನು ಹೊರಡಿಸುತ್ತದೆ. ಮುಂದಿನ ಮೂರು ತಿಂಗಳಲ್ಲಿ ದೇಶದ ಯಾವ ಭಾಗ ವಾಡಿಕೆಗಿಂತ ಹೆಚ್ಚು ಕಾಯಬಹುದು, ಎಲ್ಲಿ ರಾತ್ರಿಗಳೂ ಬೇಯಬಹುದು, ಎಲ್ಲಿ ಬಿಸಿಗಾಳಿಯ ದಿನಗಳು ಹೆಚ್ಚಬಹುದು ಎಂದು ಅದು ಬಣ್ಣ ಬಳಿದ ನಕ್ಷೆಗಳಲ್ಲಿ ತೋರಿಸುತ್ತದೆ. 2016ರಿಂದ ಇದು ನಡೆದು ಬಂದಿದೆ. ಮರುದಿನ ಪತ್ರಿಕೆಗಳಲ್ಲಿ ಈ ಸಲದ ಬೇಸಿಗೆ ಕಠಿಣ ಎಂಬ ತಲೆಬರಹ ಬರುತ್ತದೆ. ವಾರ ಕಳೆಯುವುದರೊಳಗೆ ಅದು ಜನರ ಮನಸ್ಸಿನಿಂದ ಮರೆಯಾಗಿರುತ್ತದೆ.

ಆ ಮುನ್ನೋಟವನ್ನು ಕರ್ನಾಟಕ ಹೇಗೆ ಓದಬೇಕು ಎಂಬುದು ಈ ಉಪನ್ಯಾಸದ ವಿಷಯ. ವಾದವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ರಾಜ್ಯದ ಮಟ್ಟಿಗೆ ಬೇಸಿಗೆಯ ಅರ್ಧ ಹಣೆಬರಹ ಹಿಂದಿನ ಮುಂಗಾರಿನಲ್ಲೇ, ಅದರಲ್ಲೂ ಆಗಸ್ಟ್‌ನಲ್ಲೇ ತೀರ್ಮಾನವಾಗಿರುತ್ತದೆ. ಮಾರ್ಚ್‌ನಲ್ಲಿ ಬರುವ ನಕ್ಷೆ ಉಳಿದರ್ಧವನ್ನು ಹೇಳುತ್ತದೆ. ಎರಡನ್ನೂ ಜೊತೆಗಿಟ್ಟು ಓದುವ ಅಭ್ಯಾಸ ಇನ್ನೂ ಬೆಳೆದಿಲ್ಲ. ಅದರ ಬೆಲೆಯನ್ನು ತೆರುತ್ತಿರುವವರು ಬಿಸಿಲಲ್ಲಿ ದುಡಿಯುವವರು ಮತ್ತು ಕೊಡ ಹಿಡಿದು ಸರದಿಯಲ್ಲಿ ನಿಲ್ಲುವ ಹೆಣ್ಣುಮಕ್ಕಳು.

2023–24ರ ಉದಾಹರಣೆ ಇದಕ್ಕೆ ಸಾಕು. ಆ ವರ್ಷ ಮುಂಗಾರು ಕೇರಳಕ್ಕೆ ಬಂದದ್ದೇ ತಡವಾಗಿ, ಜೂನ್ 8ಕ್ಕೆ. ಪೆಸಿಫಿಕ್ ಸಾಗರದಲ್ಲಿ ಎಲ್ ನಿನೊ ತಲೆಯೆತ್ತಿತ್ತು. ಜೂನ್‌ನ ಕೊರತೆಯನ್ನು ಜುಲೈ ಒಂದಿಷ್ಟು ತುಂಬಿತು. ಆಮೇಲೆ ಆಗಸ್ಟ್ ಕೈಕೊಟ್ಟಿತು. ಇಡೀ ದೇಶಕ್ಕೆ ಅದು 1901ರಿಂದೀಚಿನ ಅತ್ಯಂತ ಒಣ ಆಗಸ್ಟ್ ಆಯಿತು, ಮಳೆ ವಾಡಿಕೆಗಿಂತ ಶೇ 36ರಷ್ಟು ಕಡಿಮೆ. ಕರ್ನಾಟಕದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮಾರು 852 ಮಿಲಿಮೀಟರ್ ಬೀಳಬೇಕಾದಲ್ಲಿ ಬಿದ್ದದ್ದು ಸುಮಾರು 642. ಹೆಸರು, ಉದ್ದು ಹೊಲದಲ್ಲೇ ಕಮರಿದವು. ತೊಗರಿ ಹೂ ಉದುರಿಸಿತು. ಸರ್ಕಾರ ಕಂತು ಕಂತಾಗಿ ಬರ ಘೋಷಿಸುತ್ತಾ ಹೋಗಿ, ಕೊನೆಗೆ 236 ತಾಲ್ಲೂಕುಗಳ ಪೈಕಿ 223 ಪಟ್ಟಿಗೆ ಸೇರಿದವು. ಅವುಗಳಲ್ಲಿ 196 ತೀವ್ರ ಬರದವು. ಕೃಷ್ಣರಾಜಸಾಗರ ಆ ವರ್ಷ ತನ್ನ 124.80 ಅಡಿಯನ್ನು ಮುಟ್ಟಲೇ ಇಲ್ಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎರಡನೇ ಬೆಳೆಗೆ ನೀರು ಸಿಗಲಿಲ್ಲ.

ಅಂದರೆ 2024ರ ಮಾರ್ಚ್ 1ರಂದು ಇಲಾಖೆ ಬೇಸಿಗೆ ಮುನ್ನೋಟ ಓದುವ ಹೊತ್ತಿಗೆ ಇಲ್ಲಿ ಬೇಸಿಗೆ ಆಗಲೇ ಆರು ತಿಂಗಳು ಹಳೆಯದಾಗಿತ್ತು.

ಮಣ್ಣಿನ ತೇವಕ್ಕೂ ಗಾಳಿಯ ಕಾವಿಗೂ ಇರುವ ನಂಟು ಹಳ್ಳಿಯವರಿಗೆ ಹೊಸದಲ್ಲ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಿರುವುದು ಅದು ಜಿನುಗಿ ಆವಿಯಾಗುವುದರಿಂದ. ನೆಲ ನಡೆಯುವುದೂ ಅದೇ ರೀತಿ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 24 ಲಕ್ಷ ಜೌಲ್ ಶಾಖ ಬೇಕು. ನೆಲದಲ್ಲಿ ತೇವವಿದ್ದರೆ, ಗಿಡಮರಗಳಲ್ಲಿ ಹಸಿರಿದ್ದರೆ, ಬಿಸಿಲಿನ ದೊಡ್ಡ ಪಾಲು ಈ ಕೆಲಸಕ್ಕೇ ಖರ್ಚಾಗುತ್ತದೆ. ತೇವ ಆರಿದ ನೆಲದಲ್ಲಿ ಅದೇ ಬಿಸಿಲು ನೇರವಾಗಿ ಮಣ್ಣನ್ನೂ ಮಣ್ಣಿನ ಮೇಲಿನ ಗಾಳಿಯನ್ನೂ ಕಾಯಿಸುತ್ತದೆ. ಕಲಬುರಗಿ, ವಿಜಯಪುರ, ರಾಯಚೂರು ಕಡೆಯ ಎರೆನೆಲ ಇದರಲ್ಲಿ ಇನ್ನಷ್ಟು ಕಷ್ಟದ್ದು. ಒಣಗಿದಾಗ ಅದು ಬಾಯಿ ಬಿಡುತ್ತದೆ, ಅಂಗೈ ಇಳಿಯುವಷ್ಟು ಅಗಲದ ಬಿರುಕುಗಳ ಮೂಲಕ ಆಳದ ತೇವವೂ ಹಾರಿಹೋಗುತ್ತದೆ. ಹೀಗಾಗಿ ಬರ ಮತ್ತು ಬಿಸಿಲು ಎರಡು ಬೇರೆ ಬೇರೆ ವಿಪತ್ತುಗಳಲ್ಲ. ಮೊದಲನೆಯದು ಎರಡನೆಯದಕ್ಕೆ ನೆಲ ಹದ ಮಾಡಿಟ್ಟಿರುತ್ತದೆ. ಕಡತಗಳಲ್ಲಿ ಮಾತ್ರ ಅವು ಬೇರೆ ಬೇರೆ ಮೇಜುಗಳ ಮೇಲಿರುತ್ತವೆ. ಬರ ಪರಿಹಾರದ ಲೆಕ್ಕ ಒಂದು ಕಡೆ, ಬಿಸಿಗಾಳಿಯ ಸಲಹೆಯ ಪತ್ರ ಇನ್ನೊಂದು ಕಡೆ.

ಇನ್ನು ಮುನ್ನೋಟದ ಮಾತು. ಅದು ಭವಿಷ್ಯವಾಣಿಯಲ್ಲ, ಸಂಭವನೀಯತೆಯ ಲೆಕ್ಕ. 1991ರಿಂದ 2020ರವರೆಗಿನ ಮೂವತ್ತು ವರ್ಷಗಳ ಉಷ್ಣಾಂಶವನ್ನು ಸಾಲಾಗಿ ಜೋಡಿಸಿ ಮೂರು ಸಮಪಾಲು ಮಾಡುತ್ತಾರೆ. ವಾಡಿಕೆಗಿಂತ ತಂಪು, ವಾಡಿಕೆಯಷ್ಟು, ವಾಡಿಕೆಗಿಂತ ಬಿಸಿ. ಏನೂ ಗೊತ್ತಿಲ್ಲದಿದ್ದರೆ ಪ್ರತಿ ಪಾಲಿಗೂ ಮೂರರಲ್ಲಿ ಒಂದರಷ್ಟು ಸಾಧ್ಯತೆ. ಕಡಲಿನ ಮೇಲ್ಮೈ ಉಷ್ಣಾಂಶ, ವಾತಾವರಣದ ಸ್ಥಿತಿ ಇವನ್ನೆಲ್ಲ ಕಂಪ್ಯೂಟರ್ ಮಾದರಿಗಳಿಗೆ ಉಣಿಸಿದಾಗ ಆ ಪಾಲುಗಳು ಏರುಪೇರಾಗುತ್ತವೆ. ಉತ್ತರ ಒಳನಾಡಿನ ಮೇಲೆ ಕಡುಗೆಂಪು ಬಳಿದಿದ್ದರೆ ವಾಡಿಕೆಗಿಂತ ಬಿಸಿಯಾಗುವ ಸಾಧ್ಯತೆ ಬಹಳ ಹೆಚ್ಚಿದೆ ಎಂದಷ್ಟೇ ಅರ್ಥ. ಏಪ್ರಿಲ್ 17ಕ್ಕೆ ಸಿಂಧನೂರಿನಲ್ಲಿ ಎಷ್ಟು ಡಿಗ್ರಿ ಎಂದು ಅದನ್ನು ಕೇಳುವಂತಿಲ್ಲ. ಅದಕ್ಕೆ ಪ್ರತಿ ಗುರುವಾರ ಹೊರಬೀಳುವ ನಾಲ್ಕು ವಾರಗಳ ಮುನ್ಸೂಚನೆಯಿದೆ, ಅದಕ್ಕೂ ಕೆಳಗೆ ಐದು ದಿನಗಳ ಜಿಲ್ಲಾ ಎಚ್ಚರಿಕೆಯಿದೆ. ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣಗಳು ಮಳೆಗಾಲದ ದೆಸೆಯಿಂದ ಈಗ ಎಲ್ಲರಿಗೂ ಪರಿಚಿತ.

2024ರಲ್ಲಿ ಮುನ್ನೋಟ ಸರಿಯಾಗಿಯೇ ಇತ್ತು. ಏಪ್ರಿಲ್ 1ರಂದು ಇಲಾಖೆ ಹೇಳಿದ್ದು ಇಷ್ಟು: ಏಪ್ರಿಲ್‌ನಿಂದ ಜೂನ್‌ವರೆಗೆ ಸಾಮಾನ್ಯವಾಗಿ 4ರಿಂದ 8 ದಿನ ಬಿಸಿಗಾಳಿ ಬೀಸುವ ಕೆಲವು ಪ್ರದೇಶಗಳಲ್ಲಿ ಈ ಸಲ 10ರಿಂದ 20 ದಿನ ಬೀಸಬಹುದು. ಆ ಪ್ರದೇಶಗಳ ಪಟ್ಟಿಯಲ್ಲಿ ಉತ್ತರ ಕರ್ನಾಟಕದ ಹೆಸರಿತ್ತು. ಅದೇ ಬೇಸಿಗೆಯಲ್ಲಿ ಲೋಕಸಭೆ ಚುನಾವಣೆ. ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ, ಬಾಗಲಕೋಟೆಗಳಲ್ಲಿ ಮತದಾನ ಮೇ 7ಕ್ಕೆ, ಅಂದರೆ ವರ್ಷದ ಅತಿ ಸುಡುವ ದಿನಗಳಲ್ಲೇ ನಿಗದಿಯಾಗಿತ್ತು. ಮತಗಟ್ಟೆಗಳಲ್ಲಿ ನೆರಳು, ಕುಡಿಯುವ ನೀರಿನ ವ್ಯವಸ್ಥೆಗೆ ಆಯೋಗ ಸೂಚನೆ ಕೊಟ್ಟಿತು. ಒಂದು ದಿನದ ಮತದಾರನಿಗೆ ಸಿಕ್ಕ ಆ ನೆರಳು ಮೂರು ತಿಂಗಳ ಕೂಲಿಕಾರನಿಗೂ ಸಿಗಬೇಕಿತ್ತು ಎಂದು ಬಯಸುವುದರಲ್ಲಿ ತಪ್ಪೇನಿದೆ?

ಬಿಸಿಗಾಳಿ ಎಂದು ಘೋಷಿಸುವ ನಿಯಮವನ್ನು ಇಲ್ಲಿ ಹತ್ತಿರದಿಂದ ನೋಡಬೇಕು, ಏಕೆಂದರೆ ಅನೇಕರ ಸಂಕಟ ಲೆಕ್ಕದಿಂದ ಹೊರಗುಳಿಯುವುದು ಅಲ್ಲೇ. ಬಯಲು ನಾಡಿನಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30. ಅಷ್ಟು ಸಾಲದು, ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು. ಇಲ್ಲವೇ ಉಷ್ಣಾಂಶ ನೇರವಾಗಿ 45 ಮುಟ್ಟಿರಬೇಕು. ಒಂದು ಹವಾಮಾನ ಉಪವಿಭಾಗದ ಎರಡು ಕೇಂದ್ರಗಳಲ್ಲಾದರೂ ಎರಡು ದಿನ ಹೀಗಿದ್ದರೆ ಎರಡನೆಯ ದಿನ ಘೋಷಣೆಯಾಗುತ್ತದೆ. ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂಬ ಮೂರು ಉಪವಿಭಾಗಗಳಲ್ಲಿ ಇಡೀ ಕರ್ನಾಟಕ ಮುಗಿಯಿತು.

ಕಲಬುರಗಿಯಲ್ಲಿ ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು. ಅಲ್ಲಿ 43 ಡಿಗ್ರಿ ಕಾದ ದಿನ ನಿಯಮದ ಪ್ರಕಾರ ಬಿಸಿಗಾಳಿಯಲ್ಲ. ಸತತ ಹದಿನೈದು ದಿನ 43 ಇದ್ದರೂ ಅಲ್ಲ. ಇತ್ತ ಬೆಂಗಳೂರಿನಲ್ಲಿ 2024ರ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಯಿತು. ನಗರದ ಏಪ್ರಿಲ್ ವಾಡಿಕೆ 34ರ ಸುಮಾರು. 2016ರ ಏಪ್ರಿಲ್‌ನ 39.2 ಬಿಟ್ಟರೆ ಇತ್ತೀಚಿನ ದಶಕಗಳಲ್ಲಿ ಅದೇ ದೊಡ್ಡದು. ಅದೂ ಬಿಸಿಗಾಳಿಯಾಗಲಿಲ್ಲ, ಏಕೆಂದರೆ 40 ದಾಟಿರಲಿಲ್ಲ. ನಿಯಮ ದೇಶಕ್ಕೆಲ್ಲ ಒಂದೇ ಇರಬೇಕಾದ್ದರಿಂದ ಹೀಗಾಗುತ್ತದೆ, ಹವಾಮಾನ ಶಾಸ್ತ್ರದ ದೃಷ್ಟಿಯಿಂದ ಅದನ್ನು ದೂರುವಂತಿಲ್ಲ. ಆದರೆ ಕೆಲಸದ ವೇಳೆ ಬದಲಿಸುವುದು, ಆಸ್ಪತ್ರೆಯಲ್ಲಿ ಹಾಸಿಗೆ ಕಾದಿರಿಸುವುದು ಮುಂತಾದ ಏರ್ಪಾಡುಗಳನ್ನು ಆ ಘೋಷಣೆಗೇ ಕಟ್ಟಿಹಾಕಿ ಕುಳಿತರೆ ದೂರಲೇಬೇಕು.

ಆ ಅಂಕಿಯಾದರೂ ಎಲ್ಲಿಯದು? ಹವಾಮಾನ ಕೇಂದ್ರದ ಅಂಗಳದಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ಬಿಳಿಯ ಮರದ ಪೆಟ್ಟಿಗೆಯೊಂದಿರುತ್ತದೆ, ಸ್ಟೀವನ್‌ಸನ್ ಪೆಟ್ಟಿಗೆ. ಸುತ್ತಲೂ ಜೋಡಿ ಪಟ್ಟಿಗಳ ಜಾಲರಿ, ಗಾಳಿ ಆಡುತ್ತದೆ, ಬಿಸಿಲು ನುಗ್ಗುವುದಿಲ್ಲ. ಬಾಗಿಲು ಉತ್ತರಕ್ಕೆ, ತೆರೆದಾಗಲೂ ಸೂರ್ಯನ ನೇರ ಕಿರಣ ತಾಗಬಾರದೆಂದು. ಒಳಗೆ ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ ತಾಪಮಾಪಕ. ಟಿವಿಯಲ್ಲಿ ಕೇಳುವ 42 ಡಿಗ್ರಿ ಈ ನೆರಳಿನ, ಗಾಳಿಯಾಡುವ ಜಾಗದ ಉಷ್ಣಾಂಶ. ಅದೇ ಹೊತ್ತಿಗೆ ಡಾಂಬರು ಹಾಸುತ್ತಿರುವವನ ಪಾದದ ಕೆಳಗಿನ ರಸ್ತೆ 60 ದಾಟಿರುವುದು ಅಪರೂಪವಲ್ಲ. ತಗಡಿನ ಸೂರಿನ ಕೆಳಗೆ ಒಲೆ ಉರಿಸುವ ಹೆಂಗಸಿನ ಉಷ್ಣಾಂಶವನ್ನು ಯಾವ ಪೆಟ್ಟಿಗೆಯೂ ಅಳೆಯುವುದಿಲ್ಲ.

ತಗಡಿನ ಮಾತು ಬಂದದ್ದರಿಂದ ಮಾಳಿಗೆ ಮನೆಯ ಬಗ್ಗೆ ಎರಡು ಮಾತು. ಉತ್ತರ ಕರ್ನಾಟಕದ ಹಳೆಯ ಮನೆಗಳ ಸೂರು ಮಣ್ಣಿನದು. ದಪ್ಪ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ–ಸೊಪ್ಪಿನ ಹಾಸು, ಅದರ ಮೇಲೆ ದಪ್ಪನೆಯ ಮಣ್ಣು. ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹರವಿ ಸೋರದಂತೆ ಮಾಡುತ್ತಿದ್ದರು. ನಡುಮನೆಗೆ ಬೆಳಕಿಂಡಿ, ನೆಲಕ್ಕೆ ಶಹಾಬಾದ್ ಕಲ್ಲು. ಮಧ್ಯಾಹ್ನದ ಕಾವು ಆ ಮಣ್ಣನ್ನು ದಾಟಿ ಒಳಗೆ ಇಳಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ, ಆಗ ಮನೆಮಂದಿ ಹಾಸಿಗೆ ಹೊತ್ತು ಮಾಳಿಗೆ ಏರುತ್ತಿದ್ದರು. ಈ ಮನೆಗಳಿಗೂ ತೊಂದರೆಗಳಿದ್ದವು, ದೊಡ್ಡ ಮಳೆಗೆ ಕುಸಿದು ಜೀವಗಳೂ ಹೋಗಿವೆ. ಹಾಗಾಗಿ ಜನ ಆರ್‌ಸಿಸಿ, ಪತ್ರಾಸಿನ ಕಡೆ ಹೊರಳಿದ್ದು ಸಹಜ. ಆದರೆ ವಸತಿ ಯೋಜನೆಗಳ ಹೊಸ ಮನೆ ಬೀದರ್‌ನಲ್ಲೂ ಮಡಿಕೇರಿಯಲ್ಲೂ ಹೆಚ್ಚುಕಡಿಮೆ ಒಂದೇ ನಕ್ಷೆಯಲ್ಲಿ ಏಕೆ ಏಳಬೇಕು? ಕಾಂಕ್ರೀಟು ತಾರಸಿ ಹಗಲೆಲ್ಲ ಕುಡಿದ ಕಾವನ್ನು ರಾತ್ರಿ ಒಳಕ್ಕೆ ಬಿಡುತ್ತದೆ. ತಾರಸಿಗೆ ಸುಣ್ಣ ಬಳಿದರೂ ಒಳಗಿನ ಕಾವು ಇಳಿಯುತ್ತದೆ. ಮನೆಯ ಅಂದಾಜು ಪಟ್ಟಿಯಲ್ಲಿ ಸುಣ್ಣಕ್ಕೆ ಒಂದು ಸಾಲು ಸೇರಿಸುವುದು ಕಷ್ಟದ ಕೆಲಸವಲ್ಲ.

ಮುನ್ನೋಟದಲ್ಲಿ ಗರಿಷ್ಠದ ನಕ್ಷೆಯ ಪಕ್ಕದಲ್ಲೇ ಕನಿಷ್ಠ ಉಷ್ಣಾಂಶದ ನಕ್ಷೆಯೂ ಇರುತ್ತದೆ. ಪತ್ರಿಕೆಗಳು ಅದನ್ನು ಬಹುತೇಕ ಮುಟ್ಟುವುದಿಲ್ಲ. ವೈದ್ಯರ ದೃಷ್ಟಿಯಲ್ಲಿ ಅದೇ ಮುಖ್ಯ. ಹಗಲು ಬಳಲಿದ ದೇಹ ಚೇತರಿಸಿಕೊಳ್ಳುವುದು ರಾತ್ರಿಯ ತಂಪಿನಲ್ಲಿ. ರಾತ್ರಿಯೂ ಕುದಿಯುತ್ತಿದ್ದರೆ ಹೃದಯಕ್ಕೆ ಬಿಡುವಿಲ್ಲ, ಮರುದಿನ ಹಳೆಯ ದಣಿವಿನ ಮೇಲೆ ಹೊಸ ದಣಿವು. ದೇಹದೊಳಗಿನ ಉಷ್ಣಾಂಶ 40 ಡಿಗ್ರಿ ದಾಟಿ ಮಾತು ತೊದಲಿದರೆ, ಪ್ರಜ್ಞೆ ಮಸುಕಾದರೆ ಅದು ಬಿಸಿಲಾಘಾತ, ಅಲ್ಲಿಂದ ಮುಂದೆ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಅಂಥ ರೋಗಿಯನ್ನು ಮೊದಲು ನೆರಳಿಗೆ ತಂದು, ಮೈಗೆ ನೀರು ಹಾಕಿ, ಗಾಳಿ ಬೀಸಿ ತಣಿಸಬೇಕು, ಆಂಬುಲೆನ್ಸ್ ಬರಲಿ ಎಂದು ಕಾಯಬಾರದು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಕರಾವಳಿಯ ಕಥೆ ಬೇರೆ. ಮಂಗಳೂರು, ಉಡುಪಿ, ಕಾರವಾರಗಳಲ್ಲಿ 36 ಡಿಗ್ರಿಯೇ ಜೀವ ಹಿಂಡುತ್ತದೆ. ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಬೆವರು ಆವಿಯಾಗುವುದಿಲ್ಲ, ಸುಮ್ಮನೆ ಹರಿಯುತ್ತದೆ, ಮೈ ತಣಿಯುವುದಿಲ್ಲ. ವರ್ಷಕ್ಕೆ ಮೂರು–ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರುಗಳಲ್ಲೂ ಬೇಸಿಗೆಯ ನೀರು ನದಿಯ ಹರಿವನ್ನು ನೆಚ್ಚಿಕೊಂಡಿದೆ. ನೇತ್ರಾವತಿಗೆ ಅಡ್ಡಲಾಗಿ ಕಟ್ಟಿದ ತುಂಬೆ ಅಣೆಕಟ್ಟೆಯಲ್ಲಿ ಮಟ್ಟ ಇಳಿದು 2019ರಲ್ಲೂ 2023ರಲ್ಲೂ ಮಂಗಳೂರಿಗೆ ನೀರನ್ನು ಪಾಳಿಯ ಮೇಲೆ ಬಿಡಬೇಕಾಯಿತು.

ಬೇಸಿಗೆಯ ನಡುವೆ ಬೀಳುವ ಮಳೆಯನ್ನು ಮರೆಯುವಂತಿಲ್ಲ. ಹಗಲಿನ ಕಾವು ಏರಿ, ಅರಬ್ಬಿ ಸಮುದ್ರ ಮತ್ತು ಬಂಗಾಳ ಕೊಲ್ಲಿಗಳ ತೇವದ ಗಾಳಿ ಒಳನಾಡಿನ ಮೇಲೆ ಸಂಧಿಸಿದಾಗ ಗುಡುಗು ಸಿಡಿಲಿನ ಮಳೆ ಬರುತ್ತದೆ. ರೈತರ ಪಂಚಾಂಗದಲ್ಲಿ ಇವು ಅಶ್ವಿನಿ, ಭರಣಿ, ಕೃತ್ತಿಕಾ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆ ಮಳೆಗೆ ನೆಲ ಉಳುಮೆಗೆ ಹದವಾಗುತ್ತದೆ, ಮೇವು ಚಿಗುರುತ್ತದೆ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬೆಳೆಗಾರರು ಫೆಬ್ರುವರಿ–ಮಾರ್ಚ್‌ನಿಂದಲೇ ಹೂಮಳೆಗೆ ಕಾಯುತ್ತಾರೆ. ಒಂದು ಅಂಗುಲ ಬಿದ್ದರೆ ಎಂಟು–ಒಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಆಮೇಲೆ ಕೆಲವು ವಾರಗಳೊಳಗೆ ಇನ್ನೊಂದು ಮಳೆ ಬೇಕು, ಇಲ್ಲದಿದ್ದರೆ ಕಾಯಿ ಕಚ್ಚುವುದಿಲ್ಲ. ಕೆರೆ, ಹೊಳೆ ಇದ್ದವರು ಸ್ಪ್ರಿಂಕ್ಲರ್ ಹಾರಿಸಿ ಬಚಾವಾಗುತ್ತಾರೆ. ಉಳಿದವರು ಮೋಡ ನೋಡುತ್ತಾರೆ. 2024ರ ಏಪ್ರಿಲ್‌ನಲ್ಲಿ ಈ ಮಳೆಗಳು ರಾಜ್ಯದ ಬಹುಭಾಗಕ್ಕೆ ಕೈಕೊಟ್ಟವು. ಬೆಂಗಳೂರಿನ ಕೇಂದ್ರದಲ್ಲಿ ಇಡೀ ತಿಂಗಳು ಒಂದು ಹನಿಯೂ ದಾಖಲಾಗಲಿಲ್ಲ, 1983ರ ಬಳಿಕ ಮೊದಲ ಸಲ. ವಾಡಿಕೆಯಂತೆ ಆ ತಿಂಗಳಲ್ಲಿ ಆರು ಸೆಂಟಿಮೀಟರ್‌ನಷ್ಟು ಬೀಳಬೇಕು.

ಅಷ್ಟರಲ್ಲಿ ರಾಜಧಾನಿ ನೀರಿಗಾಗಿ ದೇಶಕ್ಕೆಲ್ಲ ಸುದ್ದಿಯಾಗಿತ್ತು. ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900ರಷ್ಟು ಬತ್ತಿವೆ ಎಂದು ಮಾರ್ಚ್‌ನಲ್ಲಿ ಸರ್ಕಾರವೇ ಹೇಳಿತು. ಕಾವೇರಿಯಿಂದ ದಿನಕ್ಕೆ ಬರುತ್ತಿದ್ದದ್ದು 1,450 ದಶಲಕ್ಷ ಲೀಟರ್, ಬೇಕಾದದ್ದು ಅದಕ್ಕಿಂತ ಬಹಳ ಹೆಚ್ಚು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ₹5,000 ದಂಡ ಎಂದು ಜಲಮಂಡಳಿ ಆದೇಶಿಸಿತು. ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತದ 775 ದಶಲಕ್ಷ ಲೀಟರ್ ಹರಿಯಲು ಶುರುವಾದದ್ದು ಅಕ್ಟೋಬರ್ 16ಕ್ಕೆ, ಬೇಸಿಗೆ ಕಳೆದ ಮೇಲೆ. ನಗರದ ಅಂಚಿನಲ್ಲಿ ಅತಿ ಹೆಚ್ಚು ಬಳಲಿದವರಲ್ಲಿ ಯಾದಗಿರಿ, ರಾಯಚೂರು, ಕಲಬುರಗಿಗಳಿಂದ ಗುಳೆ ಬಂದ ಕಟ್ಟಡ ಕಾರ್ಮಿಕರೂ ಇದ್ದರು. ಊರಿನ ಬರ ತಾಳದೆ ಬಂದವರಿಗೆ ಇಲ್ಲಿ ತಗಡಿನ ಶೆಡ್ಡು, ಟ್ಯಾಂಕರ್ ನೀರು. ಬರ ಪರಿಹಾರದ ಹಣವೂ ತಡವಾಗಿಯೇ ಬಂತು. ರಾಜ್ಯ ಕೇಳಿದ್ದು ₹18,171 ಕೋಟಿ. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಏಪ್ರಿಲ್ ಕೊನೆಗೆ ಕೇಂದ್ರ ಒಪ್ಪಿದ್ದು ಸುಮಾರು ₹3,454 ಕೋಟಿ.

ಏರ್ಪಾಡು ಮಾಡಿಕೊಂಡ ಊರುಗಳಿವೆ. 2010ರ ಮೇ ತಿಂಗಳಲ್ಲಿ ಅಹಮದಾಬಾದ್ 46.8 ಡಿಗ್ರಿಗೆ ಏರಿತು. ಆಗ ಬಿಸಿಲಾಘಾತದಿಂದ ಸತ್ತವರೆಂದು ದಾಖಲಾದವರು ಕೆಲವೇ ಮಂದಿ. ಆಮೇಲೆ ಸಂಶೋಧಕರು ನಗರದ ಒಟ್ಟು ಸಾವುಗಳನ್ನು ಹಿಂದಿನ ವರ್ಷಗಳೊಂದಿಗೆ ಹೋಲಿಸಿದಾಗ ಆ ಒಂದು ತಿಂಗಳಲ್ಲಿ 1,344 ಸಾವುಗಳು ಹೆಚ್ಚಾಗಿದ್ದವು. ಇಂಥ ಸಾವುಗಳಿಗೆ ಸಾಮಾನ್ಯವಾಗಿ ಬರೆಯುವ ಕಾರಣ ಹೃದಯಾಘಾತ, ಮೂತ್ರಪಿಂಡ ವೈಫಲ್ಯ, ವೃದ್ಧಾಪ್ಯ. ಬಿಸಿಲು ಅಲ್ಲಿ ಕಾಣಿಸುವುದೇ ಅಪರೂಪ. ಆ ಪೆಟ್ಟಿನಿಂದ ಎಚ್ಚೆತ್ತ ನಗರಪಾಲಿಕೆ 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ಉಷ್ಣ ಕ್ರಿಯಾಯೋಜನೆ ತಂದಿತು. ಮುನ್ಸೂಚನೆ ಬಂದ ಕೂಡಲೇ ಯಾರು ಯಾರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆ ಏನು ಸಿದ್ಧಮಾಡಿಕೊಳ್ಳಬೇಕು ಎಂಬುದೆಲ್ಲ ಅದರಲ್ಲಿತ್ತು. ಕರ್ನಾಟಕಕ್ಕೂ ಈಗ ರಾಜ್ಯ ಮಟ್ಟದ ಯೋಜನೆ ಇದೆ. ಆದರೆ ಸಾವುಗಳನ್ನು ಎಣಿಸುವ ಆ ಮೊದಲ ಕೆಲಸ ಕಲಬುರಗಿಗೋ ರಾಯಚೂರಿಗೋ ಆಗದೆ, ಇಲ್ಲಿ ಬಿಸಿಲು ಎಷ್ಟು ಜೀವ ತೆಗೆಯುತ್ತಿದೆ ಎಂಬ ಪ್ರಶ್ನೆಗೆ ಆಸ್ಪತ್ರೆಯ ಪುಸ್ತಕದಲ್ಲಿರುವ ಒಂದೆರಡು ಅಂಕಿಯೇ ಉತ್ತರವಾಗಿ ಉಳಿಯುತ್ತದೆ.

ಹಾಗೆಂದು ಇಲ್ಲಿ ಏನೂ ಇಲ್ಲವೆಂದಲ್ಲ. ಕಲಬುರಗಿ ವಿಭಾಗದ ಏಳು ಜಿಲ್ಲೆಗಳು ಮತ್ತು ವಿಜಯಪುರ, ಬಾಗಲಕೋಟೆಗಳಲ್ಲಿ 2025ರ ಏಪ್ರಿಲ್–ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆದವು. ಆ ಭಾಗಕ್ಕೆ ಇದು ಹಳೆಯ ರೂಢಿ. ಉದ್ಯೋಗ ಖಾತ್ರಿಯಲ್ಲಿ ಬೇಸಿಗೆಯ ತಿಂಗಳುಗಳಿಗೆ ಕೆಲಸದ ಅಳತೆಯಲ್ಲಿ ರಿಯಾಯಿತಿ ಕೊಟ್ಟದ್ದುಂಟು. ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವ ಅರವಟ್ಟಿಗೆಗಳ ಉಲ್ಲೇಖ ಕನ್ನಡ ಶಾಸನಗಳಲ್ಲೇ ಇದೆ, ಇವತ್ತಿಗೂ ಬಸ್ ನಿಲ್ದಾಣದ ಬಳಿ ಕೆಂಪು ಬಟ್ಟೆ ಸುತ್ತಿದ ಹರವಿಗಳನ್ನು ಇಟ್ಟು ಆ ಧರ್ಮವನ್ನು ನಡೆಸುವವರಿದ್ದಾರೆ. ಫ್ಯಾನಿನ ಕೆಳಗೆ ಕೂರುವ ನೌಕರನಿಗೆ ಸಿಕ್ಕ ವೇಳಾಪಟ್ಟಿ ಹಮಾಲರಿಗೆ, ಕಲ್ಲುಗಣಿಯವರಿಗೆ, ಇಟ್ಟಿಗೆ ಭಟ್ಟಿಯವರಿಗೆ, ಮನೆ ಬಾಗಿಲಿಗೆ ಊಟ ತಲುಪಿಸುವ ಹುಡುಗರಿಗೆ ಸಿಕ್ಕಿಲ್ಲ, ಅಷ್ಟೇ.

ಇದ್ದ ಒಂದು ಸೌಲಭ್ಯವನ್ನು ದೇಶ ಕಳೆದುಕೊಂಡೂ ಇದೆ. ಮುನ್ಸೂಚನೆಯನ್ನು ಬೆಳೆ, ದನಕರುಗಳ ಲೆಕ್ಕಕ್ಕೆ ತಂದು ರೈತರಿಗೆ ತಿಳಿಸುತ್ತಿದ್ದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳು 2024ರ ಆರಂಭದಲ್ಲಿ, ಸರಿಯಾಗಿ ಆ ಬೇಸಿಗೆಯ ಮುಂದೆ, ಮುಚ್ಚಿದವು. ಮೊಬೈಲ್ ಆ್ಯಪ್‌ಗಳಿವೆ ನಿಜ. ಆದರೆ ನಾಳೆ ದ್ರಾಕ್ಷಿಗೆ ನೀರು ಬಿಡಬೇಕೋ ಬೇಡವೋ ಎಂದು ಎದುರು ಕೂತು ಹೇಳುವ ಮನುಷ್ಯನ ಜಾಗವನ್ನು ಆ್ಯಪ್ ತುಂಬಲಾರದು.

ಕರ್ನಾಟಕದ ಬಳಿ ಬಹುಪಾಲು ರಾಜ್ಯಗಳಿಗಿಲ್ಲದ ಸಾಧನವೊಂದಿದೆ. 1988ರಲ್ಲಿ, ದೇಶದಲ್ಲೇ ಮೊದಲು, ಬರದ ಮೇಲೆ ಕಣ್ಣಿಡಲೆಂದೇ ಇಲ್ಲಿ ಒಂದು ಘಟಕ ಹುಟ್ಟಿತು. ಅದೇ ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿಗೊಂದು ಮಳೆಮಾಪಕ, ಹೋಬಳಿಗೊಂದು ಹವಾಮಾನ ಕೇಂದ್ರ ನೆಟ್ಟಿತು. ಮಳೆ ಎಷ್ಟೆಂಬುದರ ಜೊತೆಗೆ ಹೋಬಳಿಯ ಗಾಳಿ, ತೇವ, ಹಗಲಿನ ಗರಿಷ್ಠ, ರಾತ್ರಿಯ ಕನಿಷ್ಠ ಎಲ್ಲವೂ ದಿನವೂ ಬೆಂಗಳೂರಿಗೆ ಬಂದು ಸೇರುತ್ತಿವೆ. ಜಲಾಶಯಗಳ ಮಟ್ಟ, ಅಂತರ್ಜಲದ ಮಟ್ಟವೂ ಸರ್ಕಾರದ ಕೈಯಲ್ಲೇ ಇವೆ. ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ಇವನ್ನೆಲ್ಲ ಹೋಬಳಿವಾರು ಕೂಡಿಸಿ ಬೇಸಿಗೆಯ ಮೊದಲ ಮುನ್ನೋಟವನ್ನು ಅಕ್ಟೋಬರ್‌ನಲ್ಲೇ ಹೊರಡಿಸಬಹುದು. ಮೇವಿನ ಬೀಜ ಹಂಚಲು, ಕೆರೆಯ ಹೂಳು ತೆಗೆಯಲು, ಟ್ಯಾಂಕರ್ ಟೆಂಡರ್ ಕರೆಯಲು ಆಗ ಐದು ತಿಂಗಳು ಸಿಗುತ್ತದೆ. ಮಾರ್ಚ್‌ನಲ್ಲಿ ದೆಹಲಿಯ ನಕ್ಷೆ ಬಂದಾಗ ಅದನ್ನು ತಿದ್ದಿ ಎರಡನೆಯದನ್ನು ಹೊರಡಿಸಬಹುದು. ಏಪ್ರಿಲ್‌ನಿಂದ ಪ್ರತಿದಿನ ಬೆಳಿಗ್ಗೆ ಹಿಂದಿನ ರಾತ್ರಿಯ ಕನಿಷ್ಠ ಉಷ್ಣಾಂಶವನ್ನು ಆಯಾ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಆಶಾ ಕಾರ್ಯಕರ್ತೆಯ ಫೋನಿಗೂ ಕಳಿಸಬಹುದು. ಸತತ ಮೂರು ರಾತ್ರಿ ತಣಿಯದ ಊರಿನಲ್ಲಿ ಆಕೆ ಬೆಳಿಗ್ಗೆ ಮೊದಲು ಹೋಗಬೇಕಾದದ್ದು ಒಂಟಿ ವೃದ್ಧರ ಮನೆಗೆ, ಬಾಣಂತಿಯ ಮನೆಗೆ, ಪತ್ರಾಸಿನ ಸೂರಿನ ಮನೆಗಳಿಗೆ. ಆ ಮನೆಗಳು ಯಾವುವೆಂದು ಆಕೆಗೆ ಚೆನ್ನಾಗಿ ಗೊತ್ತಿದೆ.